ಯುವರಾಣಿಯ ಜಾಗದಲ್ಲಿ ಯುವಕ ಸಂಘ

1992ರ ಗಣೇಶನ ಹಬ್ಬಕ್ಕೆ ಇನ್ನು ಮೂರೇ ದಿನ. ತಿಪಟೂರಿನಲ್ಲಿ ನಮ್ಮ ಆರ್ಕೆಸ್ಟ್ರಾದ ಪ್ರಾಕ್ಟೀಸ್ ರೂಮು ಅಂದರೆ ಒಂದು ಕೊಬ್ಬರಿ ಗೋದಾಮಿನ ಮೇಲಿನ ಅಟ್ಟ. ಅಲ್ಲಿಗೆ ಪಕ್ಕದ ಹಳ್ಳಿಯ ಯುವಕ ಸಂಘದ ಅಧ್ಯಕ್ಷರು ಏಣಿ ಹತ್ತಿ ಬಂದರು. ಅಡ್ವಾನ್ಸ್ ಆಗಲೇ ಕೊಟ್ಟಿದ್ದರು. ಆದರೂ ಮುಖದಲ್ಲಿ ಇನ್ನೇನೋ ಕೇಳುವ ಆಸೆ ಇತ್ತು.

“ನಮ್ಮ ಸಂಘದ ಮೇಲೆ ಒಂದು ಹಾಡು ಬೇಕಿತ್ತು” ಅಂದರು. “ಹೊಸ ಟ್ಯೂನ್ ಎಲ್ಲ ಬೇಡ. ‘ನಮ್ಮೂರ ಯುವರಾಣಿ’ಗೇ ಮಾತು ಬದಲಾಯಿಸಿ ಹಾಕಿಬಿಡಿ. ಯುವರಾಣಿ ತೆಗೆದು ಯುವಸಂಘ ಅಂದರೆ ಆಯ್ತು, ಅಲ್ವಾ?”

ಅದು ‘ರಾಮಾಚಾರಿ’ ಸಿನಿಮಾದ ಹಾಡು. ಮಾತು, ಟ್ಯೂನ್ ಎರಡೂ ಹಂಸಲೇಖ ಅವರದು. ನನಗೂ ಸುಲಭ ಅನ್ನಿಸಿತು. ನಾನು ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ಬಾರಿಸುತ್ತಿದ್ದೆ. ಜೊತೆಗೆ ಈ ಮಾತು ಬದಲಾಯಿಸುವ ಕೆಲಸವೂ ನನ್ನದೇ. ಹಿಂದಿ ಟ್ಯೂನಿಗೆ ಗಣಪತಿಯನ್ನು ಕೂರಿಸಿದ್ದೆ. ಹಳೆಯ ಕನ್ನಡ ಟ್ಯೂನುಗಳಿಗೆ ಊರ ದೇವರನ್ನು, ಒಮ್ಮೆ ಹಾಲಿನ ಡೇರಿಯನ್ನೂ ಕೂರಿಸಿದ್ದೆ. ಮಾತ್ರೆ ಎಣಿಸಿ ಪದ ಹಾಕಿದರೆ ಮುಗಿಯಿತು. ಟ್ಯೂನ್ ಅನ್ನೋದು ಖಾಲಿ ಚೊಂಬು, ಏನು ಬೇಕಾದರೂ ತುಂಬಬಹುದು ಅಂತ ನಂಬಿದ್ದ ಕಾಲ ಅದು.

ಆ ರಾತ್ರಿಯೇ ಕೂತು ಬರೆದೆ. ಯುವರಾಣಿ ಹೋಗಿ ಯುವಸಂಘ ಬಂತು. ಮಿಕ್ಕ ಸಾಲುಗಳಲ್ಲಿ ಬಾವಿ ತೋಡಿಸಿದ್ದು, ವಾಲಿಬಾಲ್ ಟೂರ್ನಮೆಂಟ್ ನಡೆಸಿದ್ದು, ಅಧ್ಯಕ್ಷರ ಹೆಸರು, ಎಲ್ಲ ಬಂತು. ಮಾತ್ರೆ ಒಂದೂ ತಪ್ಪಿರಲಿಲ್ಲ.

ಸ್ಟೇಜಿನ ಮೇಲೆ ಏನಾಯ್ತು ಗೊತ್ತಾ? ಮ್ಯೂಸಿಕ್ ಶುರುವಾದ ಕೂಡಲೇ ಮುಂದೆ ಕೂತಿದ್ದ ಮಕ್ಕಳು ‘ಯುವರಾಣಿ’ ಅಂತಲೇ ಹಾಡಲು ಶುರು ಮಾಡಿದರು. ಹಿಂದಿದ್ದ ಹೆಂಗಸರೂ ಸೇರಿಕೊಂಡರು. ನಮ್ಮ ಗಾಯಕ ಒಂದು ಸಾಲು ‘ಯುವಸಂಘ’ ಅಂದ. ಎರಡನೇ ಸಾಲಿಗೆ ಅವನ ಬಾಯಲ್ಲೂ ಹಳೇ ಮಾತೇ ಬಂತು. ಹಾಗಾಗಿ ಮೊದಲ ಸಾಲಿನ ಸಂಘಕ್ಕೂ ಎರಡನೇ ಸಾಲಿನ ಕಲ್ಯಾಣಕ್ಕೂ ಗಂಟು ಬಿತ್ತು. ಕೊನೆಗೆ ಕೇಳಿದವರಿಗೆ ಅರ್ಥವಾಗಿದ್ದು ಇಷ್ಟೇ: ಯುವಕ ಸಂಘಕ್ಕೆ ಮದುವೆಯಂತೆ! ಜನ ಬಿದ್ದು ಬಿದ್ದು ನಕ್ಕರು. ಅಧ್ಯಕ್ಷರು ನಗಲಿಲ್ಲ. ಬಾಕಿ ಹಣದಲ್ಲಿ 150 ರೂಪಾಯಿ ಹಿಡಿದುಕೊಂಡರು.

ಹಂಸಲೇಖ ಅವರ ಬಗ್ಗೆ ಬರೆಯಬೇಕು ಅಂತ ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ 150 ರೂಪಾಯಿ. ಏನು ಮಾಡೋದು, ನಮ್ಮಂಥವರ ಸಂಗೀತ ಜ್ಞಾನ ಬಂದಿದ್ದೇ ಇಂಥ ಪೆಟ್ಟುಗಳಿಂದ.

ಆ ಹಾಡಿನ ಮೊದಲ ಸಾಲನ್ನು ಸುಮ್ನೆ ಮಾತಿನಂತೆ ಹೇಳಿ ನೋಡಿ. ಹಾಡಬೇಡಿ, ಹೇಳಿ. ನಮ್ಮೂರ ಯುವರಾಣಿ ಕಲ್ಯಾಣವಂತೆ. ಕೊನೆಗೆ ಬರುವ ‘ಅಂತೆ’ ಇದೆಯಲ್ಲ, ಅಲ್ಲಿದೆ ಗುಟ್ಟು. ಅದು ಬಾವಿ ಕಟ್ಟೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ಸುದ್ದಿ ಹೇಳುವ ‘ಅಂತೆ’. ಸುದ್ದಿ ಹೇಳುವಾಗ ನಮ್ಮ ದನಿ ಹೇಗೆ ಏರಿ, ಕೊನೆಗೆ ‘ಅಂತೆ’ಯ ಮೇಲೆ ಹೇಗೆ ಕೂರುತ್ತದೋ, ಟ್ಯೂನೂ ಹಾಗೇ ಕೂರುತ್ತದೆ. ಅಲ್ಲಿಗೆ ಅಷ್ಟೇ ಮಾತ್ರೆಯ ಬೇರೆ ಪದ ತಂದು ಹಾಕಿದರೆ ಲೆಕ್ಕ ಸರಿ ಹೋಗುತ್ತದೆ, ದನಿ ಸರಿ ಹೋಗುವುದಿಲ್ಲ. ಬೇರೆಯವರ ಚಪ್ಪಲಿ ಹಾಕಿಕೊಂಡಂತೆ. ಸೈಜು ಒಂದೇ, ಆದರೂ ಕಾಲಿಗೆ ಗೊತ್ತಾಗುತ್ತದೆ.

ಬರೆದವನೂ ಟ್ಯೂನ್ ಹಾಕಿದವನೂ ಒಬ್ಬನೇ ಆದರೆ ಹೀಗಾಗುತ್ತದೆ ಅನ್ನೋದು ನನಗೆ ಅವತ್ತು ಹೊಳೆಯಲಿಲ್ಲ. ಸುಮಾರು ವರ್ಷ ಆದ ಮೇಲೆ ಹೊಳೆಯಿತು.

ಹಂಸಲೇಖ ಅವರಿಗೂ ಮುಂಚೆ ಕನ್ನಡ ಸಿನಿಮಾದಲ್ಲಿ ಹಾಡು ಅಂದರೆ ಇಬ್ಬರ ಕೆಲಸ. ಚಿ. ಉದಯಶಂಕರ್ ಬರೆಯುತ್ತಿದ್ದರು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ಎಂ. ರಂಗರಾವ್, ಉಪೇಂದ್ರ ಕುಮಾರ್ ಟ್ಯೂನ್ ಹಾಕುತ್ತಿದ್ದರು. ಆ ಹಾಡುಗಳು ಕಡಿಮೆಯೇನಲ್ಲ. ಇವತ್ತಿಗೂ ರಾತ್ರಿ ಹತ್ತರ ಮೇಲೆ ನಾನು ಕೇಳುವುದು ಅವನ್ನೇ. ಆದರೆ ಅವುಗಳ ಕನ್ನಡ ಒಂದು ಹಂತದಲ್ಲಿ ಬರವಣಿಗೆಯ ಕನ್ನಡ. ಇಸ್ತ್ರಿ ಮಾಡಿದ ಬಿಳಿ ಪಂಚೆ ಇದ್ದ ಹಾಗೆ.

1987ರಲ್ಲಿ ‘ಪ್ರೇಮಲೋಕ’ ಬಂತು. ರವಿಚಂದ್ರನ್ ನಿರ್ದೇಶಿಸಿದ ಮೊದಲ ಸಿನಿಮಾ. ನಾಯಕಿ ಜೂಹಿ ಚಾವ್ಲಾ. ಹಾಡುಗಳ ಮಾತೂ ಟ್ಯೂನೂ ಹಂಸಲೇಖ ಅವರದು. ನನಗೆ ಆಗ 19 ವರ್ಷ. ಸಿನಿಮಾಗಿಂತ ಮುಂಚೆ ನಮಗೆ ಸಿಕ್ಕಿದ್ದು ಕ್ಯಾಸೆಟ್. ಲಹರಿಯವರ ಕ್ಯಾಸೆಟ್ಟನ್ನು ಗೆಳೆಯನೊಬ್ಬ ಬೆಂಗಳೂರಿಂದ ತಂದಿದ್ದ. ಅವನ ಮನೆಯ ಟೂ-ಇನ್-ಒನ್ ಸುತ್ತ ಏಳೆಂಟು ಜನ ಕೂತು ಕೇಳಿದೆವು. ಮೊದಲ ಸಲ ಕೇಳಿದಾಗ ನನಗೆ ಅನ್ನಿಸಿದ್ದು, ಇದೇನು, ಇವರು ಹಾಡ್ತಿದ್ದಾರಾ ಮಾತಾಡ್ತಿದ್ದಾರಾ ಅಂತ.

‘ಚೆಲುವೆ ಒಂದು ಕೇಳ್ತೀನಿ’. ಇದನ್ನು ‘ಕೇಳುತ್ತೇನೆ’ ಅಂತ ಹಾಡಿ ನೋಡಿ, ಆಗಲ್ಲ. ‘ಯಾರಿಗೂ ಹೇಳೋಣ ಬ್ಯಾಡ’. ‘ಬೇಡ’ ಅಂದರೆ ಆ ಹಾಡು ಅಲ್ಲೇ ಸತ್ತುಹೋಗುತ್ತದೆ. ‘ಬ್ಯಾಡ’ ಅನ್ನುವಾಗ ಬಾಯಿ ಅಗಲ ತೆರೆಯುತ್ತದಲ್ಲ, ಸ್ವರ ನಿಲ್ಲುವುದೇ ಅಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರಿದ್ದರು. ‘ನಿಂಬೆ ಹಣ್ಣಿನಂಥ ಹುಡುಗಿ ಬಂತು’ ಅನ್ನೋದು ಕಿವಿಗೆ ಬಿದ್ದರೆ ಕಿಟಕಿಯಿಂದ ಕೂಗುತ್ತಿದ್ದರು: “ಹುಡುಗಿ ಬಂದಳು ಕಣ್ರೋ, ಬಂತು ಅಲ್ಲ!” ಅದೇ ಮೇಷ್ಟ್ರು ಸಂಜೆ ಮೊಮ್ಮಗಳು ಸ್ಕೂಲಿಂದ ಬಂದರೆ “ಬಂತಾ ಮಗು” ಅಂತಿದ್ದರು. ನಾವು ನಿತ್ಯ ಮಾತಾಡುವ ಕನ್ನಡದಲ್ಲಿ ಹುಡುಗಿ ‘ಬಂತು’ ಅನ್ನುವುದರಲ್ಲಿ ಒಂದು ಅಕ್ಕರೆ ಇದೆ. ಅದನ್ನು ಹಾಡಿಗೆ ತರಬೇಕಾದರೆ ವ್ಯಾಕರಣಕ್ಕಿಂತ ಕಿವಿಯನ್ನು ನಂಬಬೇಕು.

ಆರ್ಕೆಸ್ಟ್ರಾದವರಿಗೆ ಇದರಿಂದ ಒಂದು ಲಾಭ ಇತ್ತು. ಆಗ ಹಾಡಿನ ಸಾಹಿತ್ಯ ಬರೆದುಕೊಳ್ಳುವುದು ಅಂದರೆ ಒಂದು ಸಾಲು ಕೇಳುವುದು, ಕ್ಯಾಸೆಟ್ ನಿಲ್ಲಿಸುವುದು, ಬರೆಯುವುದು, ಹಿಂದೆ ತಿರುಗಿಸುವುದು. ಹಳೆಯ ಹಾಡುಗಳಲ್ಲಿ ಕೆಲವು ಸಂಸ್ಕೃತ ಪದ ಎಷ್ಟು ಸಲ ಕೇಳಿದರೂ ಗೊತ್ತಾಗುತ್ತಿರಲಿಲ್ಲ. ಏನೋ ಒಂದು ಬರೆದು, ಸ್ಟೇಜಿನಲ್ಲಿ ಆ ಜಾಗ ಬಂದಾಗ ಎಕೋ ಜಾಸ್ತಿ ಕೊಟ್ಟು ಸಾಗಹಾಕುತ್ತಿದ್ದೆವು. ಹಂಸಲೇಖ ಅವರ ಹಾಡುಗಳು ಹಾಗಲ್ಲ. ಒಂದೇ ಸಲಕ್ಕೆ ಬರೆದುಕೊಳ್ಳಬಹುದಿತ್ತು. ಸಾಲು ಅರ್ಧ ಕೇಳಿದರೆ ಮಿಕ್ಕ ಅರ್ಧ ನಾವೇ ಊಹಿಸುತ್ತಿದ್ದೆವು.

‘ಪ್ರೇಮಲೋಕ’ದಿಂದ ಅವರು ರಾತ್ರೋರಾತ್ರಿ ಮೇಲೆ ಬಂದರು ಅಂತ ಜನ ಹೇಳುತ್ತಾರೆ. ಈ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಯಾಕೆಂದರೆ ಅವರು ನಮ್ಮ ಕಡೆಯ ಮನುಷ್ಯ. ನಮ್ಮ ಕಡೆ ಅಂದರೆ ತಿಪಟೂರು ಅಲ್ಲ, ಆರ್ಕೆಸ್ಟ್ರಾ ಕಡೆ. ಹುಟ್ಟಿದ್ದು 1951ರ ಜೂನ್ 23ರಂದು. ನಿಜವಾದ ಹೆಸರು ಗಂಗರಾಜು. ಅಣ್ಣ ಆರ್ಕೆಸ್ಟ್ರಾ ನಡೆಸುತ್ತಿದ್ದರು, ತಮ್ಮ ಅದರಲ್ಲೇ ಕಲಿತರು. ನಾಟಕ ಬರೆದರು, ಆಡಿಸಿದರು. ಗುರುಗಳು ಕೊಟ್ಟ ‘ಸ್ವಾನ್’ ಪೆನ್ನಿನಿಂದ ‘ಹಂಸಲೇಖನಿ’ ಆಗಿ, ಅದರಿಂದ ‘ಹಂಸಲೇಖ’ ಅನ್ನುವ ಹೆಸರು ಬಂದ ಕಥೆ ನಿಮಗೂ ಗೊತ್ತಿರಬಹುದು. ಸಿನಿಮಾಕ್ಕೆ ಮೊದಲ ಹಾಡು ಬರೆದಿದ್ದು 1973ರಲ್ಲಿ, ‘ತ್ರಿವೇಣಿ’ ಅನ್ನುವ ಚಿತ್ರಕ್ಕೆ, ‘ನೀನಾ ಭಗವಂತ’ ಅಂತ. ಅಲ್ಲಿಂದ ‘ಪ್ರೇಮಲೋಕ’ಕ್ಕೆ 14 ವರ್ಷ. ಶ್ರೀರಾಮನ ವನವಾಸದ ಲೆಕ್ಕ. ಇದು ರಾತ್ರೋರಾತ್ರಿಯಾ?

ಆ 14 ವರ್ಷದ ಕೊನೆಯಲ್ಲಿ, 1985ರಲ್ಲಿ, ‘ನಾನು ನನ್ನ ಹೆಂಡ್ತಿ’ ಬಂತು. ಅದಕ್ಕೆ ಸಂಗೀತ ಶಂಕರ್-ಗಣೇಶ್ ಅವರದು, ಹಂಸಲೇಖ ಅವರದು ಬರೀ ಸಾಹಿತ್ಯ. ‘ಕರುನಾಡ ತಾಯಿ ಸದಾ ಚಿನ್ಮಯಿ’ ಅದರದ್ದೇ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಈ ಹಾಡು ಬಿಟ್ಟು ಹೋಗುವ ಧೈರ್ಯ ನಮಗಿರಲಿಲ್ಲ. ಎಸ್‌ಪಿಬಿ ಹಾಡಿದ್ದು. ನಮ್ಮ ಗಾಯಕನಿಗೆ ಮೇಲಿನ ಸ್ವರ ಸಿಗುತ್ತಿರಲಿಲ್ಲ. ಒಂದು ಮನೆ ಕೆಳಗಿಳಿಸಿ ಹಾಡುತ್ತಿದ್ದ. ಆದರೂ ಶಿಳ್ಳೆ ಬೀಳುತ್ತಿತ್ತು.

ನಾಟಕದವರು ಅನ್ನೋದು ಅವರ ಹಾಡಿನ ಮೈಯಲ್ಲೇ ಇದೆ. ಹಾಡಿನ ಮಧ್ಯೆ ಯಾರೋ ಪ್ರಶ್ನೆ ಕೇಳುತ್ತಾರೆ. ಯಾರೋ ಉತ್ತರ ಕೊಡುತ್ತಾರೆ. ಗುಂಪು ಬಂದು ಛೇಡಿಸುತ್ತದೆ. ‘ನೋಡಮ್ಮ ಹುಡುಗಿ’ಯಲ್ಲಿ ಹಾಡು ನಿಂತಿರೋದೇ ಆ ‘ಅಮ್ಮ’ ಅನ್ನುವ ಕೀಟಲೆ ದನಿಯ ಮೇಲೆ. ಕಂಪನಿ ನಾಟಕದಲ್ಲಿ ಮಾತು ಮಾತಾಡುತ್ತಾ ಇರುವಾಗಲೇ ಹಾರ್ಮೋನಿಯಂ ಶುರುವಾಗಿ ಮಾತು ಹಾಡಾಗುತ್ತದಲ್ಲ, ಅದನ್ನೇ ಕೀಬೋರ್ಡು, ಡ್ರಮ್ಸು, ಜೀನ್ಸ್ ಪ್ಯಾಂಟಿನ ಜೊತೆ ತಂದರು. ಜನ ವೆಸ್ಟರ್ನ್ ಅಂದುಕೊಂಡರು. ಒಳಗಿದ್ದಿದ್ದು ಬಯಲಾಟದ ಗೆಜ್ಜೆ.

‘ರಣಧೀರ’, ‘ಅಂಜದ ಗಂಡು’ 1988. ‘ರಾಮಾಚಾರಿ’ 1991. ‘ಹಳ್ಳಿ ಮೇಷ್ಟ್ರು’ 1992. ನಮ್ಮ ಕಾರ್ಯಕ್ರಮದಲ್ಲಿ 30 ಹಾಡಿದ್ದರೆ 20 ಹಂಸಲೇಖ ಅವರದ್ದೇ ಇರುತ್ತಿದ್ದವು. ಚೀಟಿ ಬರುವುದೂ ಅವಕ್ಕೇ. ಚೀಟಿ ಅಂದರೆ ಗೊತ್ತಲ್ಲ, ಸಿಗರೇಟ್ ಪ್ಯಾಕಿನ ಒಳಗಿನ ಹಾಳೆಯಲ್ಲಿ ಹಾಡಿನ ಹೆಸರು ಬರೆದು, 5 ರೂಪಾಯಿ ಪಿನ್ ಮಾಡಿ ಸ್ಟೇಜಿಗೆ ಕಳಿಸುವುದು. ‘ಆಕಾಶದಾಗೆ ಯಾರೋ ಮಾಯಗಾರನು’ ಅನ್ನುವ ಹಾಡನ್ನು ಒಂದೇ ರಾತ್ರಿ ನಾಲ್ಕು ಸಲ ಹಾಡಿದ್ದೇವೆ. ನಾಲ್ಕನೇ ಸಲ ಬಾರಿಸುವಾಗ ನಾನು ಅರ್ಧ ನಿದ್ದೆಯಲ್ಲಿದ್ದೆ. ಕೈ ಬಾರಿಸುತ್ತಿತ್ತು.

ಎಲ್ಲವೂ ಚಿನ್ನ ಅಂತ ನಾನು ಹೇಳಲಾರೆ. ರಿದಮ್ ಪ್ಯಾಡ್ ಬಾರಿಸಿದವನು ನಾನು, ಒಳಗಿನ ಲೆಕ್ಕ ಗೊತ್ತು. ವರ್ಷಕ್ಕೆ ಅಷ್ಟೊಂದು ಸಿನಿಮಾ ಮಾಡುವಾಗ ಒಂದೇ ಅಚ್ಚಿನ ಹಾಡುಗಳು ಬಂದವು. ಕೆಲವು ಹಾಡಿನ ತಾಳ ಎಷ್ಟು ಒಂದೇ ಥರ ಇತ್ತು ಅಂದರೆ ಹೊಸ ಹಾಡು ಕಲಿಯಲು ನನಗೆ ಅರ್ಧ ಗಂಟೆ ಸಾಕಾಗುತ್ತಿತ್ತು. ಎರಡರ್ಥದ ಸಾಲುಗಳೂ ಇದ್ದವು. ಕೆಲವನ್ನು ನಮ್ಮ ಗಾಯಕಿ ಹಾಡುವುದಿಲ್ಲ ಅಂತ ಪಟ್ಟು ಹಿಡಿದಳು. ಅವಳಪ್ಪ ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದರು, ಪಾಪ. ಅವಳು ಹೇಳಿದ್ದು ಸರಿ ಅಂತ ನನಗೆ ಈಗ ಅನ್ನಿಸುತ್ತದೆ. ಆಗ ಚೀಟಿಯ 5 ರೂಪಾಯಿ ಹೋಯಿತಲ್ಲ ಅಂತ ಬೇಜಾರಾಗಿತ್ತು.

ಆದರೆ ಅದೇ ಮನುಷ್ಯ ‘ಮುತ್ತಿನ ಹಾರ’ವನ್ನೂ ಮಾಡಿದ್ದು. 1990. ರಾಜೇಂದ್ರ ಸಿಂಗ್ ಬಾಬು ಅವರ ಚಿತ್ರ, ವಿಷ್ಣುವರ್ಧನ್ ಮತ್ತು ಸುಹಾಸಿನಿ. ‘ದೇವರು ಹೊಸೆದ ಪ್ರೇಮದ ದಾರ’ವನ್ನು ಹಾಡಿಸಲು ಬಾಲಮುರಳಿಕೃಷ್ಣ ಅವರನ್ನು ಕರೆತಂದರು. ಈ ಹಾಡಿನ ಸುದ್ದಿಗೆ ನಾವು ಹೋಗುತ್ತಿರಲಿಲ್ಲ. ಒಮ್ಮೆ ಮಾತ್ರ ನಮ್ಮ ಗಾಯಕ ಮೊಂಡು ಬಿದ್ದು ಶುರು ಮಾಡಿದ. ಎರಡನೇ ಸಾಲಿಗೆ ಅವನ ಮುಖ ಕಪ್ಪಿಟ್ಟಿತು. ಮೂರನೇ ಸಾಲಿಗೆ ಸರಿಯಾಗಿ ಕರೆಂಟ್ ಹೋಯಿತು. ದೇವರು ಇದ್ದಾನೆ ಅಂತ ನಾನು ನಂಬುವುದಕ್ಕೆ ಇರುವ ಕೆಲವೇ ಕಾರಣಗಳಲ್ಲಿ ಇದೂ ಒಂದು.

ಆ ಹಾಡಿನಲ್ಲಿ ‘ಹೊಸೆದ’ ಅನ್ನುವ ಪದ ನೋಡಿ. ಬತ್ತಿ ಹೊಸೆಯುವುದು, ಹುರಿ ಹೊಸೆಯುವುದು. ನಮ್ಮೂರಲ್ಲಿ ತೆಂಗಿನ ನಾರಿನ ಹುರಿಯನ್ನು ಅಂಗೈಯಲ್ಲಿ ಹೊಸೆಯುವುದನ್ನು ನೋಡುತ್ತಲೇ ಬೆಳೆದವನು ನಾನು. ದೇವರು ಪ್ರೀತಿಯ ದಾರವನ್ನು ‘ನೇಯ್ದ’ ಅಂತಲೋ ‘ಹೆಣೆದ’ ಅಂತಲೋ ಬರೆಯಬಹುದಿತ್ತು. ‘ಹೊಸೆದ’ ಅಂದ ಕೂಡಲೇ ದೇವರು ಜಗಲಿಯ ಮೇಲೆ ಕಾಲು ಚಾಚಿ ಕೂತ ಅಜ್ಜನಾಗಿಬಿಡುತ್ತಾನೆ. ಹಾಡಿರುವವರು ಕರ್ನಾಟಕ ಸಂಗೀತದ ದೊಡ್ಡ ವಿದ್ವಾಂಸರು, ಪದ ಮಾತ್ರ ಅಜ್ಜನ ಅಂಗೈಯದ್ದು.

ರಾಜ್‌ಕುಮಾರ್ ಅವರಿಗೆ ಮಾಡಿದ ಹಾಡುಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಪರಶುರಾಮ್’ ಚಿತ್ರದ ‘ನಗುತಾ ನಗುತಾ ಬಾಳು ನೀನು ನೂರು ವರುಷ’ 1989ರದು. ಅದು ಸಿನಿಮಾ ಹಾಡು ಅನ್ನೋದೇ ಈಗ ಜನಕ್ಕೆ ಮರೆತಿದೆ. ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವಾಗ ತಾನಾಗೇ ಬರುತ್ತದೆ. 1993ರಲ್ಲಿ ನಾಗಾಭರಣ ಅವರ ‘ಆಕಸ್ಮಿಕ’ ಬಂತು, ತ.ರಾ.ಸು. ಕಾದಂಬರಿಗಳನ್ನು ಆಧರಿಸಿದ್ದು. ಒಂದೇ ಸಿನಿಮಾದಲ್ಲಿ ಆಗುಂಬೆಯ ಸಂಜೆಯ ಹಾಡು, ಸಾಯಲು ಹೊರಟವಳಿಗೆ ಸಮಾಧಾನ ಹೇಳುವ ‘ಬಾಳುವಂಥ ಹೂವೆ’, ಆಮೇಲೆ ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’. ಮೂರಕ್ಕೂ ಮೂರು ಥರದ ಕನ್ನಡ.

‘ಹುಟ್ಟಿದರೆ’ ಹಾಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಬದುಕು ಜಟಕಾ ಬಂಡಿ ಆಗುತ್ತದೆ. ಡಿವಿಜಿಯವರ ಕಗ್ಗ ಓದಿದವರಿಗೆ ಈ ಬಂಡಿ ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಆದರೆ ಕಗ್ಗದಲ್ಲಿ ಆ ಬಂಡಿಯಲ್ಲಿ ಕೂತಾಗ ಸ್ವಲ್ಪ ಭಯ ಆಗುತ್ತದೆ, ಮದುವೆಗೋ ಮಸಣಕ್ಕೋ ಗೊತ್ತಿಲ್ಲ. ಹಂಸಲೇಖ ಅದೇ ಬಂಡಿಗೆ ಕುದುರೆ ಗೊರಸಿನ ತಾಳ ಕೊಟ್ಟು, ರಾಜ್‌ಕುಮಾರ್ ಅವರ ದನಿ ಕೊಟ್ಟು, ಬೀದಿಯಲ್ಲಿ ಓಡಿಸಿಬಿಟ್ಟರು. ಆ ಗೊರಸಿನ ಶಬ್ದಕ್ಕೆ ನಾವು ಎರಡು ತೆಂಗಿನ ಚಿಪ್ಪು ಬಳಸುತ್ತಿದ್ದೆವು. ತಿಪಟೂರಿನಲ್ಲಿ ಚಿಪ್ಪಿಗೇನು ಬರ? ಒಂದು ರಾಜ್ಯೋತ್ಸವಕ್ಕೆ ಚಿಪ್ಪು ಒಡೆದುಹೋಗಿ, ಸಮಿತಿಯವರು ಹೊಸ ತೆಂಗಿನಕಾಯಿಯನ್ನೇ ತಂದು, ಒಡೆದು, ಕಾಯಿ ಕಿತ್ತು ಕೊಟ್ಟರು. ಹಾಡು ಮುಗಿದ ಮೇಲೆ ಕಾಯಿಯನ್ನೂ ತಿಂದೆವು.

ಇನ್ನೊಂದು ನೆನಪು. ‘ಗಾನಯೋಗಿ ಪಂಚಾಕ್ಷರಿ ಗವಾಯಿ’ 1995ರ ಚಿತ್ರ. ಗದಗಿನ ಪಂಚಾಕ್ಷರಿ ಗವಾಯಿಗಳ ಜೀವನ. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದವರು, ಪುಟ್ಟರಾಜ ಗವಾಯಿಗಳ ಗುರುಗಳು. ಸಂಗೀತ ಹಂಸಲೇಖ ಅಂದಾಗ ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವನೇ ನಕ್ಕಿದ್ದ. “ಗವಾಯಿಗಳ ಕಥೆಗೆ ಡಿಸ್ಕೋ ತಾಳ ಹಾಕ್ತಾರಾ?” ಅಂದ. ಅವನು ಹುಬ್ಬಳ್ಳಿ ಕಡೆಯವನು, ಹಿಂದೂಸ್ತಾನಿ ಸ್ವಲ್ಪ ಕಲಿತಿದ್ದ. ಹಾಡು ಕೇಳಿದ ಮೇಲೆ ಎರಡು ದಿನ ಆ ವಿಷಯ ಎತ್ತಲಿಲ್ಲ. ಆ ಚಿತ್ರದ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದರ ‘ಉಮಂಡ ಘುಮಂಡ’ ಹಾಡಿದ್ದಕ್ಕೆ ಎಸ್‌ಪಿಬಿ ಅವರಿಗೂ ಬಂತು. ಸುದ್ದಿ ತಿಳಿದ ದಿನ ಕೀಬೋರ್ಡಿನವನು ಎಲ್ಲರಿಗೂ ಟೀ ಕೊಡಿಸಿದ. ಅವನು ಟೀ ಕೊಡಿಸಿದ್ದು ನನಗೆ ಗೊತ್ತಿರುವಂತೆ ಅದೊಂದೇ ಸಲ.

ಆಮೇಲೆ ರವಿಚಂದ್ರನ್ ಮತ್ತು ಹಂಸಲೇಖ ಅವರ ಜೋಡಿ ಮುರಿಯಿತು. ರವಿಚಂದ್ರನ್ ತಾವೇ ಸಂಗೀತ ಮಾಡಲು ಶುರು ಮಾಡಿದರು. ಯಾಕೆ, ಏನು ಅಂತ ಆಗ ಎಲ್ಲರೂ ಮಾತಾಡಿದರು. ಅದು ಅವರಿಬ್ಬರ ವಿಷಯ, ಬಿಡಿ. ನಮ್ಮ ಆರ್ಕೆಸ್ಟ್ರಾವೂ ಅದೇ ಹೊತ್ತಿಗೆ ಮುಚ್ಚಿತು. 1999ರಲ್ಲಿ ನಾನು ಮಾವನ ಹಾರ್ಡ್‌ವೇರ್ ಅಂಗಡಿಗೆ ಸೇರಿದೆ. ರಿದಮ್ ಪ್ಯಾಡನ್ನು ಅರ್ಧ ರೇಟಿಗೆ ಮಾರಿದೆ.

2005ರಲ್ಲಿ ‘ನೆನಪಿರಲಿ’ ಬಂತು. ಅಂಗಡಿಯ ಹುಡುಗನ ಮೊಬೈಲಿನಲ್ಲಿ ‘ಕೂರಕ್ಕೆ ಕುಕ್ರಳ್ಳಿ ಕೆರೆ’ ಕೇಳಿದೆ. ಮೊಳೆ ತೂಗುತ್ತಿದ್ದವನು ತೂಗುವುದನ್ನು ನಿಲ್ಲಿಸಿದೆ. ಯಾರದ್ದು ಅಂತ ಕೇಳುವ ಅಗತ್ಯವೇ ಇರಲಿಲ್ಲ. ‘ಕುಳಿತುಕೊಳ್ಳಲು ಕುಕ್ಕರಹಳ್ಳಿ’ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ‘ಕೂರಕ್ಕೆ ಕುಕ್ರಳ್ಳಿ’ ಅನ್ನುವವರು ಒಬ್ಬರೇ. ಮೈಸೂರಿನ ಯಾವ ಆಟೋ ಡ್ರೈವರನ್ನು ಬೇಕಾದರೂ ಕೇಳಿ, ಆ ಕೆರೆಯ ಹೆಸರು ಕುಕ್ರಳ್ಳಿಯೇ. ಆಗ ಅವರಿಗೆ 54 ವರ್ಷ. ಕಾಲೇಜು ಹುಡುಗರು ಎಲ್ಲಿ ಕೂರುತ್ತಾರೆ ಅನ್ನುವುದು ಇನ್ನೂ ನೆನಪಿತ್ತು.

ಮಾರನೇ ವರ್ಷ, 2006ರ ಕೊನೆಗೆ, ‘ಮುಂಗಾರು ಮಳೆ’ ಬಂತು. ಮನೋಮೂರ್ತಿ ಟ್ಯೂನ್ ಹಾಕಿದರು. ಜಯಂತ ಕಾಯ್ಕಿಣಿ, ಯೋಗರಾಜ ಭಟ್ ಮುಂತಾದವರು ಬರೆದರು. ಹಾಡು ಮತ್ತೆ ಇಬ್ಬರ ಕೆಲಸ ಆಯಿತು. ಆ ಹಾಡುಗಳೂ ನನಗೆ ಇಷ್ಟ. ನನ್ನ ಮಗಳು ಬೆಳೆದಿದ್ದೇ ಅವುಗಳಲ್ಲಿ. ಆದರೆ ನನ್ನ ಹಳೇ ಚಾಳಿ ಬಿಟ್ಟಿಲ್ಲ. ಸುಮ್ನೆ ಕೂತಾಗ ಅವಕ್ಕೂ ಬೇರೆ ಮಾತು ಹಾಕಿ ನೋಡುತ್ತೇನೆ. ಕೂರುತ್ತವೆ. ನಮ್ಮ ಅಂಗಡಿಯ ಮೇಲೆ ಒಂದು ಹಾಡು ಬರೆದಿದ್ದೇನೆ, ಪಿವಿಸಿ ಪೈಪಿನವರೆಗೂ ಎಲ್ಲ ಬರುತ್ತದೆ, ಒಂದು ಚೂರೂ ಎಡವುವುದಿಲ್ಲ. ಹಂಸಲೇಖ ಅವರ ಟ್ಯೂನಿಗೆ ಹಾಕಲು ಹೋದರೆ ಈಗಲೂ ಸೋಲುತ್ತೇನೆ. ಯುವರಾಣಿ ಬಂದು ಬಾಗಿಲಲ್ಲಿ ನಿಂತುಬಿಡುತ್ತಾಳೆ.

ಟಿವಿಯಲ್ಲಿ ‘ಸರಿಗಮಪ’ದ ಮಹಾಗುರುಗಳ ಕುರ್ಚಿಯಲ್ಲಿ ಅವರನ್ನು ನೋಡುವಾಗ ನನ್ನ ಹೆಂಡತಿ ಅವರ ಜುಬ್ಬಾ ನೋಡುತ್ತಾಳೆ, ನಾನು ಅವರ ಬೆರಳು ನೋಡುತ್ತೇನೆ. ಯಾರೋ ಮಗು ಹಾಡುತ್ತಿದ್ದರೆ ಬೆರಳು ಸುಮ್ನೆ ಇರುವುದಿಲ್ಲ, ತೊಡೆಯ ಮೇಲೆ ತಾಳ ನಡೆಯುತ್ತಿರುತ್ತದೆ. ಅದು ಆರ್ಕೆಸ್ಟ್ರಾದವರ ಬೆರಳು. 2023ರ ಅಕ್ಟೋಬರ್ 15ಕ್ಕೆ ಚಾಮುಂಡಿ ಬೆಟ್ಟದಲ್ಲಿ ಅವರು ಮೈಸೂರು ದಸರಾ ಉದ್ಘಾಟಿಸಿದಾಗ ಅಂಗಡಿಯಲ್ಲಿ ಗಿರಾಕಿಗಳನ್ನು ನಿಲ್ಲಿಸಿ ಲೈವ್ ನೋಡಿದೆ. ದೇವಿಗೆ ಹೂವು ಹಾಕುವಾಗ ನನಗೆ ಯಾಕೋ ಹೆಮ್ಮೆ. ನಾನೇ ಹಾಕಿದ ಹಾಗೆ. ನಾನು ಅವರನ್ನು ಒಮ್ಮೆಯೂ ಹತ್ತಿರದಿಂದ ನೋಡಿಲ್ಲ. ಅವರ ಹಾಡನ್ನು ಹನ್ನೊಂದು ವರ್ಷ ಬಾರಿಸಿದ್ದೇನೆ, ಅಷ್ಟೇ ಸಂಬಂಧ.

ಕಳೆದ ಬೇಸಿಗೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ನನ್ನ ಮುಖವನ್ನೇ ನೋಡುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹೋಳಿಗೆ ಬರುವ ಹೊತ್ತಿಗೆ ಇಬ್ಬರಿಗೂ ಗೊತ್ತಾಯಿತು. ಯುವಕ ಸಂಘದ ಅಧ್ಯಕ್ಷರು! ಸಂಘ ಇನ್ನೂ ಇದೆಯಂತೆ, ಯುವಕರು ಇಲ್ಲವಂತೆ.

“ನೀವು ಬರೆದಿದ್ರಲ್ಲ ನಮ್ಮ ಸಂಘದ ಹಾಡು, ಇವತ್ತಿಗೂ ನನಗೆ ಬಾಯಿಪಾಠ” ಅಂದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎಲೆಯ ಅಂಚಿನಲ್ಲಿ ಬೆರಳಿನಿಂದ ತಾಳ ಹಾಕುತ್ತಾ ಹಾಡಿದರು.

ನಮ್ಮೂರ ಯುವರಾಣಿ ಕಲ್ಯಾಣವಂತೆ.

ಪೂರ್ತಿ ಹಾಡಿದರು. ಬಾವಿ ಇಲ್ಲ, ವಾಲಿಬಾಲ್ ಇಲ್ಲ, ಅವರ ಹೆಸರೂ ಇಲ್ಲ. ಒಂದಕ್ಷರವೂ ನನ್ನದಲ್ಲ. ಮುಗಿಸಿ, “ಎಂಥಾ ಹಾಡು ಬರೆದಿದ್ರಿ ರೀ” ಅಂದರು.

ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಆ 150 ರೂಪಾಯಿ ವಿಷಯ ಕೇಳಿದೆ.

“ಯಾವ 150?” ಅಂದರು.